ಬಾರಾ ಕಮಾನಿನ ಖಾಲಿಯಲ್ಲಿ ಏನಿಡೋಣ? ಡಿಜಿಟಲ್ ಕೊಲಾಜ್ ಮಾಡುವವರಿಗೆ ಒಂದು ಮಾರ್ಗದರ್ಶಿ

ವಿಜಯಪುರದ ಗಾಂಧಿ ಚೌಕದಲ್ಲಿ ಎರಡು ನಿಮಿಷ ನಿಂತು ಸುತ್ತ ನೋಡಿ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಡುವೆ ಸಾಹೇಬರ ದೊಡ್ಡ ಮುಖ. ಹಿಂದೆ ವಿಧಾನಸೌಧ. ಪಕ್ಕದಲ್ಲಿ ಬಾಯಿ ತೆರೆದ ಸಿಂಹ. ಕೆಳಗೆ ಶುಭ ಕೋರುವವರ ಪಾಸ್‌ಪೋರ್ಟ್ ಫೋಟೊಗಳ ಸಾಲು. ಇದೂ ಡಿಜಿಟಲ್ ಕೊಲಾಜೇ. ಬೇರೆ ಬೇರೆ ಕಡೆಯ ಚಿತ್ರಗಳನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಕಿ, ಒಂದೇ ಚೌಕಟ್ಟಿನಲ್ಲಿ ಕೂರಿಸುವುದು ಅಂದರೆ ಇದೇ ತಾನೆ? ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಗೊತ್ತಿರುವ ಸಾಫ್ಟ್‌ವೇರೂ ಕೈಚಳಕವೂ ಗ್ಯಾಲರಿಯಲ್ಲಿ ತೂಗುವ ಕೊಲಾಜಿಗೂ ಬೇಕು.

ಆದರೆ ಫ್ಲೆಕ್ಸಿನಲ್ಲಿ ಯಾವುದನ್ನೂ ಮುಚ್ಚುವ ಹಾಗಿಲ್ಲ. ದುಡ್ಡು ಕೊಟ್ಟ ಪ್ರತಿಯೊಬ್ಬರ ಮುಖವೂ ಪೂರ್ತಿ ಕಾಣಬೇಕು, ಇಲ್ಲದಿದ್ದರೆ ಜಗಳ. ನಿಮ್ಮದೇ ಕೊಲಾಜಿಗೆ ಆ ಕಾಟ ಇಲ್ಲ. ಯಾವುದನ್ನು ಎಷ್ಟು ಮುಚ್ಚಬೇಕು, ಎಲ್ಲಿ ಸ್ವಲ್ಪ ಇಣುಕಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನು ನೀವೇ ತೀರ್ಮಾನಿಸುತ್ತೀರಿ. ನಿಜವಾದ ಕೆಲಸ ಇರುವುದೇ ಅಲ್ಲಿ. ಚಿತ್ರ ಗುಡ್ಡೆ ಹಾಕುವುದು ಯಾರಿಗೂ ಕಷ್ಟವಲ್ಲ.

ಕೈಯಲ್ಲಿ ಒಂದು ಸಾಧಾರಣ ಸ್ಮಾರ್ಟ್‌ಫೋನ್, ಮನೆಯಲ್ಲೋ ಕಾಲೇಜಿನಲ್ಲೋ ಒಂದು ಲ್ಯಾಪ್‌ಟಾಪ್ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಬಾರಾ ಕಮಾನ್ ತೆಗೆದುಕೊಂಡಿದ್ದೇನೆ. ಬಿಜಾಪುರದ ಸುಲ್ತಾನ ಎರಡನೇ ಅಲಿ ಆದಿಲ್‌ಶಾಹ ತನಗಾಗಿ ಇಲ್ಲೇ ಕಟ್ಟಿಸಲು ಹೊರಟು ಅರ್ಧಕ್ಕೇ ನಿಂತ ಗೋರಿ ಅದು. ಆತ ತೀರಿಕೊಂಡದ್ದು 1672ರಲ್ಲಿ. ಕಪ್ಪು ಕಲ್ಲಿನ ಕಮಾನುಗಳು ಎದ್ದು ನಿಂತಿವೆ, ಮೇಲೆ ಚಾವಣಿ ಇಲ್ಲ. ಒಂದೊಂದು ಕಮಾನೂ ಒಂದೊಂದು ಖಾಲಿ ಚೌಕಟ್ಟು. ಕೊಲಾಜ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಎಲ್ಲಿ ಸಿಗಬೇಕು ಹೇಳಿ.

ಶುರು ಮಾಡುವ ಮುಂಚೆ ನೋಡಬೇಕಾದ್ದು

ಸಾಫ್ಟ್‌ವೇರ್ ತೆರೆಯುವ ಮೊದಲು ಎರಡು ಬಗೆಯ ಕೆಲಸ ನೋಡಿ.

ಒಂದು ನಮ್ಮ ಬಿಜಾಪುರದ್ದೇ. ಆದಿಲ್‌ಶಾಹಿ ಕಾಲದಲ್ಲಿ, 17ನೇ ಶತಮಾನದಲ್ಲಿ, ಇಲ್ಲಿಯ ಚಿತ್ರಕಾರರು ಅಬ್ರಿ ಎಂಬ ಬಗೆಯಲ್ಲಿ ಕೆಲಸ ಮಾಡುತ್ತಿದ್ದರು. ಅಂಟು ಬೆರೆಸಿದ ಗಟ್ಟಿ ನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಕಡ್ಡಿಯಿಂದ ಎಳೆದು ಸುರುಳಿ ಎಬ್ಬಿಸಿ, ಅದರ ಮೇಲೆ ಕಾಗದ ಇಟ್ಟು ಎತ್ತುವುದು. ಅಮೃತಶಿಲೆಯ ಗೆರೆಗಳಂಥ ವಿನ್ಯಾಸ ಕಾಗದಕ್ಕೆ ಹತ್ತುತ್ತದೆ. ಇಷ್ಟೇ ಆಗಿದ್ದರೆ ಅದು ಅಲಂಕಾರದ ಕಾಗದ ಆಗುತ್ತಿತ್ತು. ಕೆಲವರು ಕಾಗದದ ಸ್ವಲ್ಪ ಭಾಗವನ್ನು ಮುಚ್ಚಿ ಬಣ್ಣಕ್ಕೆ ಹಿಡಿದರು. ಮುಚ್ಚಿದ ಕಡೆ ಬಣ್ಣ ಹತ್ತಲಿಲ್ಲ, ತೆರೆದ ಕಡೆ ಮಾತ್ರ ಹತ್ತಿತು. ಬಡಕಲು ಕುದುರೆ, ಅದರ ಮೇಲೊಬ್ಬ ಸವಾರ, ಮೈತುಂಬ ಬಣ್ಣದ ಸುಳಿ: ಇಂಥ ಚಿತ್ರಗಳು ಹುಟ್ಟಿದ್ದು ಹಾಗೆ. ಇವತ್ತು ಕಂಪ್ಯೂಟರಿನಲ್ಲಿ ಲೇಯರ್ ಮಾಸ್ಕ್, ಅಂದರೆ ಪದರದ ಮೇಲೆ ಹಾಕುವ ಮುಚ್ಚಳ, ಮಾಡುವ ಕೆಲಸವೂ ಅದೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬಿಜಾಪುರದ ಚಿತ್ರಗಳಿವೆ. ಆ ಮ್ಯೂಸಿಯಂ ಹಕ್ಕು ಮುಗಿದ ತನ್ನ ಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಇಳಿಸಿಕೊಂಡು ಬಳಸಲು ಬಿಟ್ಟಿದೆ. ಅದರ ಜಾಲತಾಣದಲ್ಲಿ ಬಿಜಾಪುರ ಎಂದು ಹುಡುಕಿ ದೊಡ್ಡದು ಮಾಡಿ ನೋಡಿ. ಅಂಚುಗಳನ್ನು ನೋಡಿ, ಮುಖ್ಯವಾಗಿ.

ಇನ್ನೊಂದು ನಮ್ಮ ಕಾಲದ್ದು, ವಿವಾನ್ ಸುಂದರಂ ಅವರದು. ಚಿತ್ರ ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂಗಿಯ ಮಗ ಇವರು. ಅಮೃತಾ ತೀರಿಕೊಂಡದ್ದು 1941ರಲ್ಲಿ, ವಿವಾನ್ ಹುಟ್ಟಿದ್ದು 1943ರಲ್ಲಿ. ದೊಡ್ಡಮ್ಮನನ್ನು ಅವರು ಕಂಡಿದ್ದೇ ಫೋಟೊಗಳಲ್ಲಿ. ಅಜ್ಜ ಉಮ್ರಾವ್ ಸಿಂಗ್ ವರ್ಷಗಟ್ಟಲೆ ಮನೆಯವರ ಫೋಟೊ ತೆಗೆದಿದ್ದರು. ತಮ್ಮದೇ ಫೋಟೊ ತೆಗೆದುಕೊಳ್ಳುವುದೂ ಅವರಿಗೆ ಇಷ್ಟ. 2001ರ ಹೊತ್ತಿಗೆ ವಿವಾನ್ ಆ ಹಳೇ ಫೋಟೊಗಳನ್ನು ಕಂಪ್ಯೂಟರಿಗೆ ತಂದು, ಬೇರೆ ಬೇರೆ ವರ್ಷ, ಬೇರೆ ಬೇರೆ ಊರಿನ ಚಿತ್ರಗಳನ್ನು ಒಂದರೊಳಗೊಂದು ಸೇರಿಸಿ ‘ರೀ-ಟೇಕ್ ಆಫ್ ಅಮೃತಾ’ ಎಂಬ ಸರಣಿ ಮಾಡಿದರು. ಯಾವತ್ತೂ ಒಟ್ಟಿಗೆ ನಿಲ್ಲದ ಇಬ್ಬರು ಒಂದೇ ಕೋಣೆಯಲ್ಲಿ ನಿಂತಿರುತ್ತಾರೆ. ನೋಡಿದ ತಕ್ಷಣ ಇದು ಕೊಲಾಜ್ ಅನ್ನಿಸುವುದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಏನೋ ಸರಿ ಇಲ್ಲವಲ್ಲ ಅನ್ನಿಸುತ್ತದೆ. ವಿವಾನ್ 2023ರಲ್ಲಿ ತೀರಿಕೊಂಡರು. ಮನೆಯ ಹಳೇ ಆಲ್ಬಮ್ಮಿನಿಂದ ಏನು ಮಾಡಬಹುದು ಅನ್ನುವುದಕ್ಕೆ ನಾನು ಯಾರಿಗಾದರೂ ಮೊದಲು ತೋರಿಸುವುದು ಈ ಸರಣಿಯನ್ನೇ.

ಮೊದಲ ಹೆಜ್ಜೆ: ಒಂದು ಸಾಲು ಬರೆಯಿರಿ

ಕೊಲಾಜಿನಲ್ಲಿ ಏನು ಹೇಳಬೇಕೆಂದಿದ್ದೀರಿ ಎಂದು ಒಂದೇ ಸಾಲು ಬರೆದಿಡಿ. ಕಾವ್ಯ ಬೇಡ. ‘ಕಮಾನಿನ ಒಳಗಿಂದ ನಮ್ಮ ಹೊಲ ಕಾಣಬೇಕು’ ಅಂದರೂ ಸಾಕು. ‘ಅಜ್ಜ ಎಂದೂ ನೋಡದ ಗೋಳಗುಮ್ಮಟದ ಮುಂದೆ ಅಜ್ಜ’ ಅಂದರೂ ಸಾಕು. ‘ವಿಜಯಪುರದ ಇತಿಹಾಸ ಮತ್ತು ಸಂಸ್ಕೃತಿ’ ಎಂದು ಮಾತ್ರ ಬರೆಯಬೇಡಿ. ಅದು ಫ್ಲೆಕ್ಸಿಗೆ ಸರಿ. ಮುಂದೆ ಪದರ ಜಾಸ್ತಿಯಾಗಿ ತಲೆ ಕೆಟ್ಟಾಗ ಈ ಸಾಲು ನೋಡಿದರೆ ಯಾವುದನ್ನು ಕಿತ್ತುಹಾಕಬೇಕು ಎಂದು ತಾನೇ ಗೊತ್ತಾಗುತ್ತದೆ.

ನಮ್ಮ ಉದಾಹರಣೆಗೆ ಸಾಲು ಇದು: ಬಾರಾ ಕಮಾನಿನ ಆಕಾಶಕ್ಕೆ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಒಂದು ಕಮಾನಿನೊಳಗೆ ಅಜ್ಜಿ, ಇನ್ನೊಂದರೊಳಗೆ ಒಣದ್ರಾಕ್ಷಿ ಶೆಡ್.

ಎರಡನೇ ಹೆಜ್ಜೆ: ಸಾಮಗ್ರಿ ಕೂಡಿಸುವುದು

ಇಂಟರ್ನೆಟ್ಟಿನಿಂದ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವ ಮೊದಲು ನಿಮ್ಮದೇ ಫೋಟೊ ತೆಗೆಯಿರಿ. ಗಾತ್ರ ದೊಡ್ಡದಿರುತ್ತದೆ, ಹಕ್ಕಿನ ತಂಟೆ ಇರುವುದಿಲ್ಲ, ಬೆಳಕು ಹೇಗಿತ್ತು ಎಂಬುದೂ ನಿಮಗೆ ನೆನಪಿರುತ್ತದೆ.

ಬಾರಾ ಕಮಾನಿಗೆ ಬೆಳಿಗ್ಗೆ ಇಲ್ಲವೇ ಸಂಜೆ ಹೋಗಿ. ನಡು ಮಧ್ಯಾಹ್ನ ಕಪ್ಪು ಕಲ್ಲೂ ಬಿಳಿ ಆಕಾಶವೂ ಸೇರಿ ಫೋನ್ ಕಕ್ಕಾಬಿಕ್ಕಿಯಾಗುತ್ತದೆ. ಫೋನಿನ ವೈಡ್ ಲೆನ್ಸ್ ಬಿಟ್ಟು ಮಾಮೂಲಿ ಲೆನ್ಸಿನಲ್ಲಿ ಸ್ವಲ್ಪ ಹಿಂದೆ ಸರಿದು ತೆಗೆಯಿರಿ. ವೈಡಿನಲ್ಲಿ ಕಂಬಗಳು ಒಳಕ್ಕೆ ವಾಲುತ್ತವೆ, ಆಮೇಲೆ ಅದರೊಳಗೆ ಏನಿಟ್ಟರೂ ಓರೆಯಾಗಿ ಕಾಣುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮುಂಚೆಯೇ ಅನುಮತಿ ಬೇಕು. ಬ್ಯಾಗನ್ನೋ ಕಟ್ಟೆಯನ್ನೋ ಆಸರೆ ಮಾಡಿಕೊಂಡು ಫೋನ್ ಅಲುಗದಂತೆ ಇಡಿ. ಯಾಕೆಂದರೆ ಒಂದೇ ಜಾಗದಿಂದ, ಒಂದೇ ಚೌಕಟ್ಟಿನಲ್ಲಿ ಎರಡು ಫೋಟೊ ಬೇಕು.

ಮೊದಲನೆಯದಕ್ಕೆ ಪರದೆಯ ಮೇಲೆ ಕಲ್ಲನ್ನು ಮುಟ್ಟಿ ಫೋಕಸ್ ಮಾಡಿ. ಕಲ್ಲಿನ ಸಂದು, ಕೆತ್ತನೆ ಎಲ್ಲ ಕಾಣುತ್ತದೆ, ಆಕಾಶ ಬೆಳ್ಳಗಾಗಿ ಹೋಗುತ್ತದೆ. ಹೋಗಲಿ. ಎರಡನೆಯದಕ್ಕೆ ಆಕಾಶವನ್ನು ಮುಟ್ಟಿ, ಬೆಳಕಿನ ಪಟ್ಟಿಯನ್ನು ಕೆಳಕ್ಕೆ ಎಳೆಯಿರಿ. ಈಗ ಕಮಾನುಗಳು ಇದ್ದಿಲಿನಂತೆ ಪೂರ್ತಿ ಕಪ್ಪಾಗುತ್ತವೆ. ಫೋನಿನ ಎಚ್‌ಡಿಆರ್ ಆಫ್ ಮಾಡಿರಿ. ಇಲ್ಲದಿದ್ದರೆ ಅದು ಉಪಕಾರ ಮಾಡಲು ಹೋಗಿ ಕಪ್ಪನ್ನು ತಿಳಿ ಮಾಡಿಬಿಡುತ್ತದೆ. ಈ ಎರಡನೇ ಫೋಟೊ ನೋಡಲು ಚೆಂದವಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಆದರೆ ಕತ್ತರಿಸುವ ಹೊತ್ತಿಗೆ ಗಂಟೆಗಟ್ಟಲೆ ಕೆಲಸ ಉಳಿಸುವುದು ಇದೇ.

ಖಣವನ್ನು ಇಸ್ತ್ರಿ ಮಾಡಿ ಸ್ಕ್ಯಾನರಿನ ಗಾಜಿನ ಮೇಲೆ ಹರಡಿ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿಸಿ. ನೇಯ್ಗೆಯ ಎಳೆ ಎಳೆಯೂ ಬರುತ್ತದೆ. ಸ್ಕ್ಯಾನರ್ ಸಿಗದಿದ್ದರೆ ಪಡಸಾಲೆಯ ನೆಲದ ಮೇಲೆ, ಬಿಸಿಲು ನೇರ ಬೀಳದ ಕಡೆ ಹಾಸಿ, ಫೋನನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಇಳಕಲ್ ಸೀರೆಯ ಸೆರಗೂ ನಡೆಯುತ್ತದೆ. ಅದರ ತೆನೆಯ ಸಾಲು ಕಮಾನಿನ ತುದಿಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಆದರೆ ಎರಡನ್ನೂ ಒಂದೇ ಕೊಲಾಜಿಗೆ ತುರುಕಬೇಡಿ.

ದ್ರಾಕ್ಷಿ ಒಣಗಿಸುವ ಕಾಲ ಬೇಸಿಗೆ. ತಿಕೋಟಾ ಕಡೆ ಹೋದರೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿದ ಶೆಡ್‌ಗಳು ರಸ್ತೆಗೇ ಕಾಣುತ್ತವೆ. ‘ಕಾಕಾ, ಒಂದ್ ಫೋಟೊ ತಗೋಬಹುದೇನ್ರಿ?’ ಎಂದು ಕೇಳಿಯೇ ಒಳಗೆ ಹೋಗಿ. ಬೇಡ ಅನ್ನುವವರು ಕಡಿಮೆ. ತಿನ್ನಲು ಒಂದು ಬೊಗಸೆ ಕೊಟ್ಟು ಕಳಿಸುವವರೇ ಜಾಸ್ತಿ.

ಇನ್ನು ಮನೆಯ ಹಳೇ ಫೋಟೊ. ಗೋಡೆಯ ಮೇಲಿನ ಚೌಕಟ್ಟಿನಿಂದ ಬಿಚ್ಚುವ ಮುಂಚೆ ಫೋಟೊ ಗಾಜಿಗೆ ಅಂಟಿಕೊಂಡಿದೆಯೇ ನೋಡಿ. ಅಂಟಿದ್ದರೆ ಎಳೆಯಬೇಡಿ, ಮೇಲ್ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ತೆಗೆಯಬಹುದು: ಕಿಟಕಿ ಒಂದು ಬದಿಗೆ ಬರುವಂತೆ ಇಡಿ, ಫ್ಲ್ಯಾಶ್ ಆಫ್ ಮಾಡಿ, ನಿಮ್ಮ ಬೆನ್ನ ಹಿಂದೆ ಯಾರಾದರೂ ಕಪ್ಪು ದುಪ್ಪಟವನ್ನೋ ಕಂಬಳಿಯನ್ನೋ ಹಿಡಿಯಲಿ. ಗಾಜಿನಲ್ಲಿ ನಿಮ್ಮದೇ ನೆರಳು ಮೂಡುವುದು ನಿಲ್ಲುತ್ತದೆ. ಫೋಟೊದ ಹಿಂದೆ ಸ್ಟುಡಿಯೊ ಮುದ್ರೆ, ಕೈಬರಹ ಏನಾದರೂ ಇದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ. ಕೆಲವೊಮ್ಮೆ ಮುಂದಿನ ಚಿತ್ರಕ್ಕಿಂತ ಹಿಂದಿನ ಬರಹವೇ ಕೊಲಾಜಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಫೋನಿನಿಂದ ಲ್ಯಾಪ್‌ಟಾಪಿಗೆ ಕೇಬಲ್ಲಿನಿಂದಲೇ ಹಾಕಿಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೋಟೊ ಕುಗ್ಗಿ, ಪ್ರಿಂಟಿಗೆ ಬರದಂತಾಗುತ್ತದೆ.

ಮೂರನೇ ಹೆಜ್ಜೆ: ಹಾಳೆ ಸಿದ್ಧ ಮಾಡುವುದು

ಜಿಂಪ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು. ಲ್ಯಾಪ್‌ಟಾಪಿನಲ್ಲಿ ಏನನ್ನೂ ಹಾಕಿಕೊಳ್ಳಲು ಆಗದವರು ಬ್ರೌಸರಿನಲ್ಲೇ ಫೋಟೊಪಿಯಾ ತೆರೆಯಬಹುದು. ಅದು ಥೇಟ್ ಫೋಟೊಶಾಪ್ ಥರವೇ ಇದೆ. ಕದ್ದ ಫೋಟೊಶಾಪಿನ ಜೊತೆಗೆ ವೈರಸ್ಸನ್ನೂ ತಂದುಕೊಳ್ಳುವ ಉಸಾಬರಿ ಬೇಡ. ಫೋನಿನಲ್ಲೇ ಮಾಡುತ್ತೇನೆ ಅನ್ನುವವರಿಗೆ ಐಬಿಸ್ ಪೇಂಟ್ ಇದೆ, ಲೇಯರ್ ಎಲ್ಲ ಸಿಗುತ್ತದೆ. ಆದರೆ ಬೆರಳಿನಿಂದ ಅಂಚು ಕತ್ತರಿಸುವುದಕ್ಕೆ ತಾಳ್ಮೆ ಬೇಕು.

ಎ3 ಹಾಳೆಗೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಅಡ್ಡ 3508, ಉದ್ದ 4961 ಪಿಕ್ಸೆಲ್ ಬೇಕು. ಲ್ಯಾಪ್‌ಟಾಪ್ ಹಳೆಯದಾಗಿ ಏದುಸಿರು ಬಿಡುತ್ತಿದ್ದರೆ 200 ಪಿಪಿಐಗೆ ಇಳಿಸಿ, 2339 ಅಡ್ಡ 3307 ಉದ್ದ. ಗೋಡೆಗೆ ತೂಗುಹಾಕಿ ನಾಲ್ಕಡಿ ದೂರದಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ 4000 ಅಡ್ಡ 3000 ಪಿಕ್ಸೆಲ್ ಇರುತ್ತದೆ. ಅಂದರೆ ಕಮಾನಿನ ಫೋಟೊ 200 ಪಿಪಿಐ ಹಾಳೆಯ ತುಂಬ ಬರಬೇಕಾದರೂ ಫೋನನ್ನು ಉದ್ದಕ್ಕೆ ನಿಲ್ಲಿಸಿ ತೆಗೆದಿರಬೇಕು, ಆಮೇಲೆ ಜಾಸ್ತಿ ಕತ್ತರಿಸಬಾರದು.

ನಾಲ್ಕನೇ ಹೆಜ್ಜೆ: ಮುಚ್ಚುವುದು

ಇಲ್ಲಿ ನಿಧಾನವಾಗಿ ಓದಿ.

ಕತ್ತರಿಸುವುದಕ್ಕೆ ಎರಡು ದಾರಿ. ಬೇಡವಾದ ಭಾಗವನ್ನು ಇರೇಸರಿನಿಂದ ಅಳಿಸುವುದು ಒಂದು. ಅದನ್ನು ಮರೆತುಬಿಡಿ. ಅಳಿಸಿದ್ದು ಹೋಯಿತು ಅಂದರೆ ಹೋಯಿತು. ಇನ್ನೊಂದು ಲೇಯರ್ ಮಾಸ್ಕ್. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ ‘ಆ್ಯಡ್ ಲೇಯರ್ ಮಾಸ್ಕ್’ ಒತ್ತಿ, ಬಿಳಿ ಆಯ್ಕೆ ಮಾಡಿ. ಲೇಯರಿನ ಪಕ್ಕ ಒಂದು ಬಿಳಿ ಚೌಕ ಬರುತ್ತದೆ. ಆ ಚೌಕದಲ್ಲಿ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ. ಬಿಳಿ ಬಳಿದರೆ ವಾಪಸ್ ಬರುತ್ತದೆ. ಬೂದು ಬಳಿದರೆ ಅರೆಬರೆ. ಚಿತ್ರಕ್ಕೆ ಏನೂ ಆಗಿರುವುದಿಲ್ಲ, ಸುಮ್ನೆ ಮುಚ್ಚಿಕೊಂಡಿರುತ್ತದೆ. ಒಂದು ವಾರ ಬಿಟ್ಟು ಮನಸ್ಸು ಬದಲಾದರೂ ತೆರೆಯಬಹುದು.

ಈಗ ಆ ಎರಡನೇ ಕಪ್ಪು ಫೋಟೊ ಹೊರಗೆ ತೆಗೆಯಿರಿ. ಕಲ್ಲು ಕಾಣುವ ಫೋಟೊದ ಮೇಲೆ ಅದನ್ನು ಇನ್ನೊಂದು ಲೇಯರಾಗಿ ತನ್ನಿ. ಎರಡರ ಅಂಚೂ ಕೂಡುವಂತೆ ಸರಿಸಿ. ಲೇಯರಿನ ಅಪಾರದರ್ಶಕತೆಯನ್ನು, ಅಂದರೆ ಒಪ್ಯಾಸಿಟಿಯನ್ನು, ಅರ್ಧಕ್ಕೆ ಇಳಿಸಿದರೆ ಹೊಂದಿಸುವುದು ಸುಲಭ. ಹೊಂದಿದ ಮೇಲೆ ಒಪ್ಯಾಸಿಟಿ ವಾಪಸ್ ಪೂರ್ತಿ ಮಾಡಿ, ‘ಕಲರ್ಸ್’ ಮೆನುವಿನಲ್ಲಿ ‘ಥ್ರೆಶೋಲ್ಡ್’ ತೆರೆಯಿರಿ. ಪಟ್ಟಿ ಎಳೆಯುತ್ತಾ ಹೋದಂತೆ ಬೂದು ಎಲ್ಲ ಮಾಯವಾಗಿ, ಕಲ್ಲು ಅಚ್ಚ ಕಪ್ಪು, ಆಕಾಶ ಅಚ್ಚ ಬಿಳಿ ಆಗುವ ಒಂದು ಹಂತ ಬರುತ್ತದೆ. ಅಲ್ಲೇ ನಿಲ್ಲಿಸಿ. ನಮಗೆ ಬೇಕಾದ್ದು ಇದರ ಉಲ್ಟಾ. ಕಲ್ಲು ಉಳಿಯಬೇಕು, ಆಕಾಶ ಹೋಗಬೇಕು. ಆದ್ದರಿಂದ ‘ಇನ್ವರ್ಟ್’ ಒತ್ತಿ. ಈಗ ಕಲ್ಲು ಬಿಳಿ, ಆಕಾಶ ಕಪ್ಪು. ಇದನ್ನು ಪೂರ್ತಿ ಕಾಪಿ ಮಾಡಿ, ಕೆಳಗಿನ ಲೇಯರಿನ ಮಾಸ್ಕ್ ಚೌಕವನ್ನು ಕ್ಲಿಕ್ ಮಾಡಿ ಪೇಸ್ಟ್ ಮಾಡಿ, ಆಂಕರ್ ಗುಂಡಿ ಒತ್ತಿ. ಮೇಲಿನ ಕಪ್ಪು-ಬಿಳಿ ಲೇಯರಿನ ಕಣ್ಣು ಮುಚ್ಚಿ, ಅಂದರೆ ಅದರ ಪಕ್ಕದ ಕಣ್ಣಿನ ಗುರುತು ಒತ್ತಿ ಲೇಯರನ್ನು ಮರೆಮಾಡಿ.

ಆಕಾಶ ಮಾಯ. ಕಮಾನಿನ ಒಂದೊಂದು ಕಲ್ಲಿನ ಮೂಲೆಯೂ, ಸಂದಿನಲ್ಲಿ ಬೆಳೆದ ಹುಲ್ಲಿನ ಎಳೆಯೂ ಹಾಗೇ ಉಳಿದಿರುತ್ತದೆ. ಕೈಯಿಂದ ಅಷ್ಟು ಚೊಕ್ಕವಾಗಿ ಕತ್ತರಿಸಲು ಆಗುವುದೇ ಇಲ್ಲ.

ಕೆಳಗಡೆ ಹುಲ್ಲುಹಾಸು, ಕಲ್ಲುಹಾಸು ಇದೆಯಲ್ಲ, ಅಲ್ಲಿ ಮಾಸ್ಕ್ ತೂತು ತೂತಾಗಿರುತ್ತದೆ. ಮಾಸ್ಕ್ ಮೇಲೆ ಬಿಳಿ ಬ್ರಷ್ಷಿನಿಂದ ಬಳಿದು ಮುಚ್ಚಿ. ಕಲ್ಲಿನ ಅಂಚಿನಲ್ಲಿ ಬಿಳಿ ದಾರದಂಥ ಗೆರೆ ಉಳಿದಿದ್ದರೆ ಮಾಸ್ಕನ್ನು ಒಂದು ಪಿಕ್ಸೆಲ್ ಒಳಕ್ಕೆ ಎಳೆದು, ಒಂದೇ ಒಂದು ಪಿಕ್ಸೆಲ್ ಬ್ಲರ್ ಕೊಡಿ. ಜಾಸ್ತಿ ಕೊಟ್ಟರೆ ಕಲ್ಲು ಹತ್ತಿಯಂತೆ ಕಾಣುತ್ತದೆ.

ಅಜ್ಜಿಯ ಫೋಟೊಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮೈಯ ಸುತ್ತ ಪಾತ್ ಟೂಲಿನಿಂದ ಗೆರೆ ಎಳೆದು ಆಯ್ಕೆ ಮಾಡಿ, ಅದನ್ನು ಮಾಸ್ಕ್ ಮಾಡಿ, ತಲೆಗೂದಲ ಕಡೆ ಮಾತ್ರ ಮೆತ್ತನೆ ಬ್ರಷ್ಷಿನಿಂದ ತಿದ್ದಿ. ಬ್ಯಾಕ್‌ಗ್ರೌಂಡ್ ತೆಗೆಯುವ ಆಪ್‌ಗಳಿವೆ, ಒಂದು ಕ್ಲಿಕ್ಕಿಗೆ ಕೆಲಸ ಮುಗಿಯುತ್ತದೆ, ನಿಜ. ಹಳೇ ಕಪ್ಪು-ಬಿಳುಪು ಫೋಟೊಗಳಲ್ಲಿ ಅವು ತಲೆಯ ಮೇಲಿನ ಸೆರಗನ್ನು ಗೋಡೆ ಎಂದು ತಿಳಿದು ಅಜ್ಜಿಯನ್ನು ಬೋಳು ಮಾಡಿಬಿಡುತ್ತವೆ. ಮನೆಯವರ ಫೋಟೊವನ್ನು ಯಾವುದೋ ಗುರುತಿಲ್ಲದ ಜಾಲತಾಣಕ್ಕೆ ಹಾಕುವುದೂ ನನಗೆ ಸರಿ ಕಾಣುವುದಿಲ್ಲ.

ಐದನೇ ಹೆಜ್ಜೆ: ಪದರ ಜೋಡಿಸುವುದು

ಎಲ್ಲಕ್ಕಿಂತ ಕೆಳಗೆ ಖಣ. ಅದರ ಮೇಲೆ ಶೆಡ್, ಅಜ್ಜಿ. ಎಲ್ಲಕ್ಕಿಂತ ಮೇಲೆ ಕಮಾನು. ಕಮಾನು ಮೇಲಿರುವುದರಿಂದ ಉಳಿದದ್ದೆಲ್ಲ ತಾನಾಗಿಯೇ ಅದರ ಹಿಂದೆ ಹೋಗುತ್ತದೆ. ಅಜ್ಜಿಯನ್ನು ಕಮಾನಿನ ನಟ್ಟನಡುವೆ ಪೂರ್ತಿ ಕಾಣುವಂತೆ ನಿಲ್ಲಿಸುವ ಆಸೆಯಾಗುತ್ತದೆ. ಒಂದು ಸಲ ಅರ್ಧ ಹೆಗಲು ಕಂಬದ ಹಿಂದೆ ಹೋಗುವಂತೆ ಸರಿಸಿ ನೋಡಿ. ಈಗ ಆಕೆ ಅಂಟಿಸಿದ ಚಿತ್ರವಲ್ಲ, ಅಲ್ಲಿ ನಿಂತವಳು.

ಗಾತ್ರದ ಜೊತೆ ಆಟ ಆಡಿ. ಅಜ್ಜಿ ಕಮಾನಿನಷ್ಟೇ ಎತ್ತರ ಇರಬಾರದು ಎಂದೇನಿಲ್ಲ. ಆದರೆ ನಿಜದ ಅಳತೆಗೆ ತೀರಾ ಹತ್ತಿರವಿದ್ದು ಸ್ವಲ್ಪವೇ ತಪ್ಪಿದರೆ ಅದು ತಪ್ಪಿನಂತೆಯೇ ಕಾಣುತ್ತದೆ. ಹೊಂದಿಸಿದರೆ ಪಕ್ಕಾ ಹೊಂದಿಸಿ, ಇಲ್ಲವೇ ಧೈರ್ಯವಾಗಿ ದೊಡ್ಡದು ಮಾಡಿ.

ಲೇಯರ್ ಮೋಡ್‌ಗಳ ಪಟ್ಟಿ ಉದ್ದ ಇದೆ. ದಿನದ ಕೆಲಸಕ್ಕೆ ಎರಡು ಸಾಕು. ಮಲ್ಟಿಪ್ಲೈ ಹಾಕಿದರೆ ಬಿಳಿ ಮಾಯವಾಗಿ ಗಾಢ ಭಾಗ ಮಾತ್ರ ಕೆಳಗಿನ ಚಿತ್ರದ ಮೇಲೆ ಕೂರುತ್ತದೆ. ಹಳೇ ಪತ್ರದ ಅಕ್ಷರ, ಸ್ಟುಡಿಯೊ ಮುದ್ರೆ ಇವನ್ನು ಖಣದ ಮೇಲೆ ತರಲು ಇದು ಸರಿ. ಸ್ಕ್ರೀನ್ ಇದರ ಉಲ್ಟಾ, ಕಪ್ಪು ಮಾಯವಾಗುತ್ತದೆ. ಹೊಸಬರು ಖಣವನ್ನು ಕಲ್ಲಿನ ಮೇಲೆ ಮಲ್ಟಿಪ್ಲೈ ಮಾಡಿ, ಏನೂ ಕಾಣುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಬಾರಾ ಕಮಾನಿನ ಕಲ್ಲು ಮೊದಲೇ ಕಪ್ಪು. ಕಪ್ಪನ್ನು ಯಾವುದರಿಂದ ಗುಣಿಸಿದರೂ ಕಪ್ಪೇ. ಕಲ್ಲಿನ ಮೇಲೆ ಬಣ್ಣದ ಛಾಯೆ ಬೇಕಿದ್ದರೆ ಖಣದ ಇನ್ನೊಂದು ಪ್ರತಿಯನ್ನು ಸ್ಕ್ರೀನ್ ಮೋಡಿನಲ್ಲಿ ಹಾಕಿ, ಒಪ್ಯಾಸಿಟಿಯನ್ನು ನೂರಕ್ಕೆ ಇಪ್ಪತ್ತರ ಸುತ್ತ ಇಡಿ.

ಆರನೇ ಹೆಜ್ಜೆ: ಎಲ್ಲವನ್ನೂ ಒಂದೇ ಗಾಳಿಗೆ ತರುವುದು

ಒಂದು ಫೋಟೊ ಸಂಜೆಯದು, ಒಂದು ಶೆಡ್ಡಿನ ನೆರಳಿನದು, ಒಂದು ಹಳೇ ಸ್ಟುಡಿಯೊದ್ದು. ಇವು ಒಂದಕ್ಕೊಂದು ಒಗ್ಗಬೇಕಾದರೆ ಮೂರು ಸಂಗತಿ ನೋಡಬೇಕು.

ಬೆಳಕು ಯಾವ ಕಡೆಯಿಂದ ಬರುತ್ತಿದೆ? ಕಮಾನಿಗೆ ಎಡದಿಂದ, ಅಜ್ಜಿಗೆ ಬಲದಿಂದ ಬಿದ್ದಿದ್ದರೆ ಅಜ್ಜಿಯ ಫೋಟೊವನ್ನು ಕನ್ನಡಿಯಂತೆ ತಿರುಗಿಸಬಹುದು. ತಿರುಗಿಸಿದ ಮೇಲೆ ಸೆರಗು ಇನ್ನೊಂದು ಹೆಗಲಿಗೆ ಹೋಗಿರುತ್ತದೆ, ಕೈಗಡಿಯಾರ ಬಲಗೈಗೆ ಬಂದಿರುತ್ತದೆ, ಮೂಗುತಿ ಆ ಕಡೆಗೆ ಹಾರಿರುತ್ತದೆ. ನಿಮಗೆ ಗೊತ್ತಾಗದಿರಬಹುದು. ಮನೆಯ ಹೆಂಗಸರು ಮೊದಲು ಹಿಡಿಯುವುದೇ ಅದನ್ನು. ‘ಏ, ಅವ್ವನ ಮೂಗುತಿ ಈ ಕಡೆ ಎಲ್ಲಿತ್ತು?’ ಅಂದರೆ ಮುಗಿಯಿತು. ಅಂಥ ಕಡೆ ತಿರುಗಿಸುವುದು ಬಿಟ್ಟು, ಮಲ್ಟಿಪ್ಲೈ ಮೋಡಿನ ಒಂದು ಹೊಸ ಲೇಯರಿನಲ್ಲಿ ಮೆತ್ತನೆ ಬ್ರಷ್ಷಿನಿಂದ ಬೇಕಾದ ಬದಿಗೆ ತೆಳು ನೆರಳು ಬಳಿಯಿರಿ. ಪಾದದ ಕೆಳಗೂ ಒಂದಿಷ್ಟು ನೆರಳು ಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತೇಲುತ್ತಾರೆ.

ಎರಡನೆಯದು ಕಪ್ಪಿನ ಕಪ್ಪುತನ. ಹಳೇ ಫೋಟೊದ ಕಪ್ಪು ನಿಜಕ್ಕೂ ಕಂದು. ಫೋನಿನ ಕಪ್ಪು ಕಾಡಿಗೆಯಷ್ಟು ಗಾಢ. ‘ಲೆವೆಲ್ಸ್’ ತೆರೆದು ಕಮಾನಿನ ಕಪ್ಪನ್ನು ಸ್ವಲ್ಪ ಮೇಲಕ್ಕೆತ್ತಿ. ಹಳೇ ಫೋಟೊವನ್ನು ಹೊಸದರ ಹಾಗೆ ಮಾಡಲು ಹೋಗಬೇಡಿ, ಹೊಸದನ್ನೇ ಹಳೆಯದರ ಹತ್ತಿರ ತನ್ನಿ. ಸರಿ ಹೋಯಿತೋ ಇಲ್ಲವೋ ನೋಡಲು ಇಡೀ ಕೊಲಾಜನ್ನು ಒಂದು ಕ್ಷಣ ಕಪ್ಪು-ಬಿಳುಪು ಮಾಡಿ. ಯಾವ ತುಂಡು ಬೇರೆಯಾಗಿ ಎದ್ದು ಕಾಣುತ್ತದೋ ಅದನ್ನು ತಿದ್ದಿ.

ಮೂರನೆಯದು ಕಾಳು ಕಾಳಾದ ಗ್ರೇನ್. ಹಳೇ ಫೋಟೊದಲ್ಲಿ ಇದೆ, ಫೋನಿನದರಲ್ಲಿ ಇಲ್ಲ. ಕೊನೆಗೆ ಎಲ್ಲದರ ಮೇಲೆ ತೆಳ್ಳಗೆ ನಾಯ್ಸ್ ಫಿಲ್ಟರ್ ಹಾಕಿದರೆ ಪದರಗಳೆಲ್ಲ ಒಂದೇ ಕಾಗದದ ಮೇಲೆ ಬಂದಂತೆ ಆಗುತ್ತದೆ. ಮದುವೆಯ ಕರಿಜ್ಮಾ ಆಲ್ಬಮ್ ಮಾಡುವ ಸ್ಟುಡಿಯೊಗಳು ಇದನ್ನು ಮಾಡುವುದಿಲ್ಲ. ಅವರಿಗೆ ಮುಖ ನುಣ್ಣಗಿರಬೇಕು.

ಏಳನೇ ಹೆಜ್ಜೆ: ಕಡಿಮೆ ಮಾಡುವುದು

ಈಗ ಒಂದು ದಿನ ಬಿಡಿ. ಮತ್ತೆ ತೆರೆದಾಗ ಒಂದೊಂದೇ ಲೇಯರಿನ ಕಣ್ಣು ಮುಚ್ಚುತ್ತಾ ಹೋಗಿ. ಮುಚ್ಚಿದ ಮೇಲೂ ಚಿತ್ರ ಹಾಗೇ ನಿಂತರೆ ಆ ಲೇಯರ್ ಬೇಕಾಗಿರಲಿಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲು ಹೋಗುವುದು ಬಹುಶಃ ಶೆಡ್. ಕಷ್ಟಪಟ್ಟು ತಿಕೋಟಾಕ್ಕೆ ಹೋಗಿ ಬಂದಿದ್ದೇವೆ ಎಂಬ ಕಾರಣಕ್ಕೆ ಅದನ್ನು ಉಳಿಸಬೇಡಿ, ಅದಕ್ಕೆ ಬೇರೆಯೇ ಕೊಲಾಜ್ ಮಾಡಿ. ಒಂದು ಕಮಾನು ಪೂರ್ತಿ ಖಾಲಿ ಇರಲಿ, ಹಿಂದೆ ಬರೀ ಖಣದ ಬಣ್ಣ. ನೋಡುವವರ ಕಣ್ಣು ಅಲ್ಲಿಂದಲೇ ಅಜ್ಜಿಯ ಕಡೆ ಸರಿಯುತ್ತದೆ.

ಪದರ ಎಷ್ಟಿರಬೇಕು ಎಂದು ಕೇಳುವವರಿದ್ದಾರೆ. ಲೆಕ್ಕ ಇಲ್ಲ. ಆ ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಕೇಳಿ.

ಹಕ್ಕು, ಅನುಮತಿ

ಭಾರತದ ಕಾಪಿರೈಟ್ ಕಾನೂನಿನಂತೆ ಫೋಟೊದ ಹಕ್ಕು ಅದನ್ನು ತೆಗೆದವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಬ್ರಿಟಿಷ್ ಕಾಲದ ಪುರಾತತ್ವ ಅಧಿಕಾರಿ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ಬಿಜಾಪುರದ ಕಟ್ಟಡಗಳ ಪುಸ್ತಕದ ಹಕ್ಕು ಎಂದೋ ಮುಗಿದಿದೆ, ಅದರ ಫೋಟೊ, ನಕ್ಷೆಗಳನ್ನು ಧೈರ್ಯವಾಗಿ ಬಳಸಬಹುದು. ಆ ನಕ್ಷೆಗಳ ಸಣ್ಣ ಗೆರೆಗಳು ಮಲ್ಟಿಪ್ಲೈ ಮೋಡಿನಲ್ಲಿ ಚೆಂದ ಕೂರುತ್ತವೆ. ಗೂಗಲ್ಲಿನಲ್ಲಿ ಸಿಕ್ಕಿದ ಮಾತ್ರಕ್ಕೆ ಯಾವುದೂ ಪುಕ್ಕಟೆ ಅಲ್ಲ. ಬೇರೆ ಫೋಟೊಗ್ರಾಫರರ ಕೆಲಸ ಬೇಕೆಂದರೆ ಕೇಳಿ ತೆಗೆದುಕೊಳ್ಳಿ.

ಮನೆಯ ಫೋಟೊಕ್ಕೆ ಕಾನೂನಿಗಿಂತ ಮನೆಯವರು ಮುಖ್ಯ. ತೀರಿಹೋದವರ ಮುಖವನ್ನು ಕತ್ತರಿಸಿ ಗೋರಿಯ ಕಮಾನಿನಲ್ಲಿ ಇಡುತ್ತೀರಿ ಅಂದರೆ ಎಲ್ಲರಿಗೂ ಹಿಡಿಸುವುದಿಲ್ಲ. ದೊಡ್ಡವರಿಗೆ ತೋರಿಸಿ, ಒಪ್ಪಿಸಿ, ಆಮೇಲೆ ಹೊರಗೆ ಹಾಕಿ.

ಕೊನೆಯ ಹೆಜ್ಜೆ: ಪ್ರಿಂಟು

ಲೇಯರ್ ಇರುವ ಫೈಲನ್ನು ಜಿಂಪಿನ ಎಕ್ಸ್‌ಸಿಎಫ್‌ನಲ್ಲಿ ಸೇವ್ ಮಾಡಿ, ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡಿ. ಅಂಗಡಿಗೆ ಒಯ್ಯಲು ಟಿಫ್ ಆಗಿ ಬೇರೆ ಎಕ್ಸ್‌ಪೋರ್ಟ್ ಮಾಡಿ.

ಫ್ಲೆಕ್ಸ್ ಮೆಷಿನ್ನಿನಲ್ಲಿ ಹೊಡೆಸಬೇಡಿ. ಅದು ದೂರದಿಂದ ನೋಡುವ ಬೋರ್ಡಿಗೆ ಮಾಡಿದ್ದು, ಖಣದ ನೇಯ್ಗೆ ಎಲ್ಲ ಕಲಸಿಹೋಗುತ್ತದೆ. ಫೋಟೊ ಲ್ಯಾಬಿನ ಮ್ಯಾಟ್ ಪೇಪರ್ ಸಾಕು. ಮಾರುವ ಉದ್ದೇಶ ಇದ್ದರೆ ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಹೊಡೆಯುವ ಕಡೆ ಕೇಳಿ. ಸುತ್ತ ಒಂದೆರಡು ಇಂಚು ಬಿಳಿ ಅಂಚು ಬಿಡಿಸಿ. ಪರದೆಯ ಮೇಲೆ ಮಿಂಚುವ ಹಸಿರು, ನೀಲಿ ಪ್ರಿಂಟಿನಲ್ಲಿ ಮಂಕಾಗುತ್ತವೆ. ಅದಕ್ಕೆ ಮೊದಲು ಅಂಗೈ ಅಗಲದ ಒಂದು ತುಂಡು ಪ್ರೂಫ್ ತೆಗೆಸಿ, ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ನೋಡಿ.

ಅಂಗಡಿಯಲ್ಲಿ ಒಂದು ಮಾತು ಕೇಳಿಯೇ ಕೇಳುತ್ತಾರೆ: ‘ಸರ, ಫೇಸ್ ಸ್ವಲ್ಪ ಬ್ರೈಟ್ ಮಾಡ್ಲೇನ್ರಿ?’ ಅವರು ಒಳ್ಳೆಯದಕ್ಕೇ ಕೇಳುವುದು. ‘ಬ್ಯಾಡ್ರಿ ಅಣ್ಣಾ, ಇದ್ದಂಗ ಹೊಡೀರಿ’ ಅನ್ನಿ. ಆಟೊ ಕಲರ್ ಕರೆಕ್ಷನ್ ಆಫ್ ಮಾಡಿಸಿ. ಪ್ರಿಂಟು ಬರುವವರೆಗೆ ಅಲ್ಲೇ ನಿಂತಿರಿ.

ಎಷ್ಟು ಪ್ರತಿ ಹೊಡೆಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಐದು ಎಂದರೆ ಐದೇ. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ 1/5, 2/5 ಎಂದು ಬರೆದು ಸಹಿ ಹಾಕಿ. ಚೌಕಟ್ಟು ಹಾಕಿಸುವಾಗ ಗಾಜು ಪ್ರಿಂಟಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಕೊಡಲು ಹೇಳಿ, ಹಳೇ ಫೋಟೊಗಳು ಗಾಜಿಗೆ ಅಂಟಿಕೊಂಡಿದ್ದು ಅದಿಲ್ಲದ್ದಕ್ಕೇ. ನಮ್ಮ ಕಡೆಯ ಬಿಸಿಲಿಗೆ ಪಡುವಣ ಕಿಟಕಿಯ ಎದುರಿನ ಗೋಡೆ ಮಾತ್ರ ಬೇಡ.